ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಭಾನುವಾರದ ಎರಡು ಗಂಟೆ

ನಮ್ಮ ಮನೆಯ ಡೀಸೆಲ್ ಗಾಡಿ ಈಗ 1,63,000 ಕಿಲೋಮೀಟರ್ ಓಡಿದೆ. ಮಂಡ್ಯದಿಂದ ಮೈಸೂರಿಗೆ ವಾರಕ್ಕೆ ಐದು ದಿನ ಹೋಗಿ ಬರುತ್ತದೆ. 2012ರಲ್ಲಿ ಡಸ್ಟರ್, ಮರುವರ್ಷ ಇಕೋಸ್ಪೋರ್ಟ್, 2016ರಲ್ಲಿ ಬ್ರೆಜಾ ಬಂದವು. ಆಗ ಮಾರಾಟವಾದ ಚಿಕ್ಕ ಎಸ್‌ಯುವಿಗಳಲ್ಲಿ ಬಹಳಷ್ಟು ಈಗ ಇದೇ ವಯಸ್ಸಿನವು. ಇಷ್ಟು ಓಡಿದ ಗಾಡಿಯಲ್ಲಿ ಎಂಜಿನ್ನಿನ ಕಬ್ಬಿಣ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಸೋಲುವುದು ಅದರ ಸುತ್ತಲಿನ ನೀರು, ರಬ್ಬರು ಮತ್ತು ಗಾಳಿಯ ದಾರಿ. ಈ ಮೂರನ್ನೂ ಮನೆಯಂಗಳದಲ್ಲೇ ನೋಡಿಕೊಳ್ಳಬಹುದು.

ಒಂದು ಟಾರ್ಚ್, 8ರಿಂದ 19ರವರೆಗಿನ ಸ್ಪ್ಯಾನರ್‌ಗಳು, ಸ್ಕ್ರೂಡ್ರೈವರ್, ಟೈರ್ ಗಾಳಿ ಅಳೆಯುವ ಗೇಜ್, ಸಣ್ಣ ಮಲ್ಟಿಮೀಟರ್, ಹಳೆಯ ಹತ್ತಿ ಬಟ್ಟೆ ಇದ್ದರೆ ಸಾಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಗಾಡಿಯ ಜೊತೆ ಬಂದ ಕೈಪಿಡಿ. ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಿರುವಾಗ, ಸಮತಟ್ಟಾದ ಜಾಗದಲ್ಲಿ ಕೆಲಸ ಶುರು ಮಾಡಿ. ಟೈರ್ ಬದಲಿಸುವ ಜಾಕಿಯನ್ನು ನಂಬಿ ಎಂದಿಗೂ ಗಾಡಿಯ ಕೆಳಗೆ ನುಸುಳಬೇಡಿ. ಇಲ್ಲಿ ಹೇಳುವ ಯಾವ ಕೆಲಸಕ್ಕೂ ಅದರ ಅಗತ್ಯವಿಲ್ಲ.

ಮೊದಲು ನೀರು

ಎಂಜಿನ್ನನ್ನು ತಣ್ಣಗಿಡುವ ದ್ರವವೇ ಕೂಲೆಂಟ್. ಅದರ ಡಬ್ಬಿಯ ಮೇಲೆ ಕನಿಷ್ಠ, ಗರಿಷ್ಠ ಗೆರೆಗಳಿರುತ್ತವೆ. ಮಟ್ಟ ಅವೆರಡರ ನಡುವೆ ಇರಬೇಕು. ಎಂಜಿನ್ ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗಿನ ದ್ರವ ಕುಕ್ಕರಿನಲ್ಲಿರುವಂತೆ ಒತ್ತಡದಲ್ಲಿರುತ್ತದೆ. ಮುಚ್ಚಳ ಸಡಿಲವಾದ ಗಳಿಗೆಯಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ನಾನು ಈ ಗಾಡಿಯನ್ನು ಕೊಂಡಾಗ ಅದು 92,000 ಓಡಿತ್ತು. ಮುಂದಿನ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿ ಉಷ್ಣತೆಯ ಮುಳ್ಳು ಏರತೊಡಗಿತು. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ಆಮೇಲೆ ರೇಡಿಯೇಟರ್ ಬಿಚ್ಚಿ ನೋಡಿದರೆ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಪೊರೆ ಅದರ ಸಣ್ಣ ಕೊಳವೆಗಳನ್ನು ಮುಚ್ಚಿತ್ತು. ಹಿಂದಿನವರು ಮಟ್ಟ ಇಳಿದಾಗಲೆಲ್ಲ ಬೋರ್‌ವೆಲ್ ನೀರು ಸುರಿದಿದ್ದರು. ನಮ್ಮ ಕಡೆಯ ಗಡಸು ನೀರು ಹೊಲಕ್ಕೆ ಸರಿ, ರೇಡಿಯೇಟರಿಗೆ ವಿಷ. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರನ್ನೇ ಬಳಸಿ.

ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ. ರೇಡಿಯೇಟರಿನ ಕೆಳಗಿನ ತಿರುಪನ್ನೋ ಕೆಳ ಹೋಸ್ ಪೈಪನ್ನೋ ಸಡಿಲಿಸಿ ಹಳೆಯದನ್ನು ಟಬ್ಬಿಗೆ ಇಳಿಸಿ. ಡಿಸ್ಟಿಲ್ಡ್ ವಾಟರ್ ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಅದು ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆದುಕೊಂಡು ನೀರು ಎಲ್ಲೆಡೆ ಸುತ್ತುತ್ತಿದೆ ಎಂದು ಅರ್ಥ. ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಇಳಿಸಿ. ಇಳಿಯುವ ನೀರು ತಿಳಿಯಾಗುವ ತನಕ ಇದನ್ನೇ ಮಾಡಿ.

ಇಲ್ಲೊಂದು ಲೆಕ್ಕವನ್ನು ಬಹಳ ಜನ ತಪ್ಪುತ್ತಾರೆ. ತೊಳೆದ ನೀರಿನ ಒಂದು ಪಾಲು ಎಂಜಿನ್ನಿನೊಳಗೇ ಉಳಿದಿರುತ್ತದೆ. ಅದರ ಮೇಲೆ ಕೂಲೆಂಟನ್ನೂ ನೀರನ್ನೂ ಅರ್ಧಕ್ಕರ್ಧ ಬೆರೆಸಿದ ಮಿಶ್ರಣವನ್ನು ಸುರಿದರೆ ಕೂಲೆಂಟ್ ತೆಳುವಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿರುವ ಒಟ್ಟು ಪ್ರಮಾಣದ ಅರ್ಧದಷ್ಟು ಬೆರಕೆಯಿಲ್ಲದ ಗಟ್ಟಿ ಕೂಲೆಂಟನ್ನು ಮೊದಲು ಹಾಕಿ, ಉಳಿದ ಜಾಗಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರ್ ತುಂಬಿ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುವ ಕ್ರಮ ಒಂದೊಂದು ಗಾಡಿಗೆ ಒಂದೊಂದು ಬಗೆ, ಕೈಪಿಡಿಯಲ್ಲಿದ್ದಂತೆಯೇ ಮಾಡಿ. ಕೂಲೆಂಟಿನ ಬಗೆಯೂ ಅದರಲ್ಲೇ ಇರುತ್ತದೆ, ಬಣ್ಣ ನೋಡಿ ಆರಿಸಬೇಡಿ.

ಇಳಿಸಿದ ಕೂಲೆಂಟನ್ನು ಚರಂಡಿಗೋ ಕಾಲುವೆಗೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಸಾಯುತ್ತವೆ. ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರನ್ನು ಕೇಳಿ ಒಪ್ಪಿಸಿ.

ರಬ್ಬರು

ಹೋಸ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಚುಕಿ. ಒತ್ತಿದಾಗ ಚಟಚಟ ಎನ್ನುವಷ್ಟು ಗಡುಸಾಗಿದ್ದರೆ, ಕ್ಲಿಪ್ಪಿನ ಬಳಿ ಉಬ್ಬಿದ್ದರೆ, ಒಣಗಿದ ಕೂಲೆಂಟಿನ ಕಲೆ ಕಂಡರೆ ಬದಲಿಸುವ ಕಾಲ ಬಂದಿದೆ. ಡಬ್ಬಿಯ ಮುಚ್ಚಳದ ರಬ್ಬರ್ ಉಂಗುರವೂ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಸವೆಯುತ್ತದೆ. ಸುತ್ತಮುತ್ತ ಹುಲ್ಲಿನ ಬಣವೆಯೋ ಭತ್ತದ ಗದ್ದೆಯೋ ಇದ್ದರೆ ವೈರುಗಳ ಮೇಲೆ ಇಲಿಯ ಹಲ್ಲಿನ ಗುರುತಿದೆಯೇ ಎಂದೂ ನೋಡಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೂವು, ಅಂದರೆ ಟೈರಿನ ಮೈಮೇಲಿನ ಗೀರುಗಳ ಆಳ, 1.6 ಮಿಲಿಮೀಟರಿಗೆ ಇಳಿದರೆ ಆ ಟೈರಿನ ಕೆಲಸ ಮುಗಿಯಿತು. ಹೂವು ಚೆನ್ನಾಗಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟಿದ್ದರೆ, ಬೆಂಗಳೂರು ಹೆದ್ದಾರಿಯ ವೇಗಕ್ಕೆ ಆ ಟೈರನ್ನು ಒಡ್ಡಬೇಡಿ. ಸ್ಟೆಪ್ನಿಯ ಗಾಳಿಯನ್ನು ಮರೆಯಬೇಡಿ.

ಗಾಳಿ

ಕಬ್ಬು ಕಟಾವಿನ ದಿನಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಓಡಾಡುವ ಗಾಡಿಯ ಏರ್ ಫಿಲ್ಟರ್ ಕೈಪಿಡಿ ಹೇಳುವಷ್ಟು ದಿನ ಬಾಳುವುದಿಲ್ಲ. ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಡಿಸಿ ಫಿಲ್ಟರ್ ಹೊರತೆಗೆಯಿರಿ. ನೆಲಕ್ಕೆ ಮೆಲ್ಲಗೆ ತಟ್ಟಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಬಿಸಿಲಿಗೆ ಹಿಡಿದಾಗ ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಹೊಸದನ್ನು ತನ್ನಿ. ಎಂಜಿನ್ ಕಡೆಯ ಕೊಳವೆಯೊಳಗೆ ಒಮ್ಮೆ ಬಿಳಿ ಬಟ್ಟೆಯಿಂದ ಒರೆಸಿ. ಅಲ್ಲಿ ದೂಳು ಅಂಟಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಎಂದರ್ಥ. ಆ ದೂಳು ಟರ್ಬೋದ ರೆಕ್ಕೆಗಳನ್ನೂ ಪಿಸ್ಟನ್ ರಿಂಗುಗಳನ್ನೂ ಅರೆಯುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಎಂಜಿನ್ ಆಯಿಲ್ ಮಟ್ಟ ನೋಡಿ. ಡೀಸೆಲ್ ಗಾಡಿಯ ಆಯಿಲ್ ಬಹುಬೇಗ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಮಾತ್ರ ಗಾಡಿಯನ್ನು ಚಾಲೂ ಮಾಡದೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಕೂಲೆಂಟ್ ಆಯಿಲ್‌ನೊಳಗೆ ಸೇರಿರಬಹುದು. ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್ ಶುಚಿ ಮಾಡುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿ.

ಬ್ರೇಕ್ ಆಯಿಲ್ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಿ ಬಿಡಬೇಡಿ. ಪ್ಯಾಡ್ ಸವೆದಂತೆಲ್ಲ ಆ ಮಟ್ಟ ತಾನಾಗಿ ಇಳಿಯುತ್ತದೆ, ಸೋರಿಕೆಯೂ ಕಾರಣವಿರಬಹುದು. ಅಲಾಯ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ; ಪ್ಯಾಡ್ 3 ಮಿಲಿಮೀಟರಿಗೆ ಬಂದಿದ್ದರೆ ಚಾಮುಂಡಿ ಬೆಟ್ಟ ಹತ್ತುವ ಮೊದಲು ಬದಲಿಸಿ, ಏಕೆಂದರೆ ಹತ್ತಿದ ಮೇಲೆ ಇಳಿಯಲೇಬೇಕು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು ಬೇಕು. ಅದನ್ನು ಬಲ್ಲವರ ಕೈಗೇ ಬಿಡಿ.

ಅವರಿಗೇ ಬಿಡಬೇಕಾದ ಇನ್ನೊಂದು ಕೆಲಸ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನಿನ ಓಟಕ್ಕೆ ತಾಳ ತಪ್ಪದಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಪಟ್ಟಿ. ಕೆಲವು ಗಾಡಿಗಳಲ್ಲಿ ಇದರ ಬದಲು ಚೈನು ಇರುತ್ತದೆ. ಬ್ರೆಜಾದ 1.3 ಡೀಸೆಲ್ ಎಂಜಿನ್ನಿನಲ್ಲಿರುವುದು ಚೈನು, ಡಸ್ಟರಿನ 1.5 ಡೀಸೆಲ್‌ನಲ್ಲಿರುವುದು ಬೆಲ್ಟು. ಅದು ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ನೇ ಹಾಳಾಗುತ್ತದೆ. ನಿಮ್ಮದು ಬೆಲ್ಟಿನ ಗಾಡಿಯಾಗಿದ್ದು, ಕೊಂಡಾಗ ಹಿಂದಿನವರು ಅದನ್ನು ಬದಲಿಸಿದ ರಸೀದಿ ಕೊಟ್ಟಿಲ್ಲವೆಂದರೆ, ಬದಲಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪನ್ನೂ ಜೊತೆಯಲ್ಲೇ ಹಾಕಿಸಿ, ಕಿಲೋಮೀಟರ್ ಮತ್ತು ತಾರೀಖನ್ನು ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ.