ಹಳೆಯ ಸುಬಾರುವಿಗೆ 2.5 ಹೋಗಿ 2.2 ಎಂಜಿನ್: ಕಡಿಮೆ ಖರ್ಚಿನಲ್ಲಿ ಕೂರಿಸುವ ಬಗೆ

1996ರಿಂದ 1999ರವರೆಗಿನ 2.5 ಲೀಟರ್ ಲೆಗಸಿ, ಔಟ್‌ಬ್ಯಾಕ್, 1998ರ ಫಾರೆಸ್ಟರ್ ತೀರಾ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ಸೀಲು. ಆ ಕಾರುಗಳಲ್ಲಿರುವುದು ಇಜೆ25ಡಿ ಎಂಜಿನ್, ಹೆಡ್ಡಿಗೆ ಎರಡೆರಡು ಕ್ಯಾಮ್. ಅದರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 99.5 ಮಿ.ಮೀ. ಹಳೆಯ 2.2ರ, ಅಂದರೆ ಇಜೆ22ರ ಬೋರ್ 96.9 ಮಿ.ಮೀ. ಸಿಲಿಂಡರುಗಳ ನಡುವಿನ ಅಂತರ ಎರಡರಲ್ಲೂ ಒಂದೇ. ಹಾಗಾಗಿ 2.5ರಲ್ಲಿ ಗ್ಯಾಸ್ಕೆಟ್ ಕೂರಲು ಉಳಿಯುವ ಲೋಹದ ಅಂಚು ಸಣ್ಣದು. ಬೆಂಕಿಯ ಒತ್ತಡ ಕೂಲೆಂಟಿನೊಳಗೆ ನುಗ್ಗುವುದು ಅಲ್ಲಿಂದಲೇ. 2.2 ಅದೇ ಗೇರ್‌ಬಾಕ್ಸಿಗೆ, ಅದೇ ಮೌಂಟುಗಳಿಗೆ ಕೂರುತ್ತದೆ. ಶಕ್ತಿ ಸ್ವಲ್ಪ ಕಡಿಮೆ, ಬಾಳಿಕೆ ಬಹಳ ಹೆಚ್ಚು. ಇಲ್ಲಿ ಹೇಳಿರುವ ವರ್ಷಗಳು ಉತ್ತರ ಅಮೆರಿಕದ ಮಾರುಕಟ್ಟೆಯವು. ಬೇರೆ ಕಡೆಯ ಗಾಡಿಯಾದರೆ ವರ್ಷವನ್ನು ನಂಬದೆ ಭಾಗಗಳನ್ನೇ ಕಣ್ಣಾರೆ ಹೋಲಿಸಿ.

ಹಳೆಯ ಎಂಜಿನ್ನು ಅಗ್ಗಕ್ಕೆ ಸಿಗುತ್ತದೆ. ದುಡ್ಡು ಸೋರುವುದು ಬೇರೆ ಕಡೆ. ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಕಾರಿನಲ್ಲಿ ಟಯರು, ಗೇರ್‌ಬಾಕ್ಸು, ಹಿಂದಿನ ಡಿಫರೆನ್ಷಿಯಲ್ ಇವು ಕೆಟ್ಟಿದ್ದರೆ ಹೊಸ ಎಂಜಿನ್ ಹಾಕಿಯೂ ಫಲವಿಲ್ಲ.

ಮೊದಲು ಕಾರಿನ ಕೆಳಗೆ ನೋಡಿ

ಹಿಂದಿನ ಸ್ಟ್ರಟ್ ಗೋಪುರ, ಹಿಂಚಕ್ರದ ಕಮಾನು, ಬಾಗಿಲ ಕೆಳಗಿನ ಸಿಲ್ ಇಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಚುಚ್ಚಿ. ಒಳಗೆ ಹೋದರೆ ಆ ಕಾರನ್ನು ಬಿಡಿ.

ಆಮೇಲೆ ಟಯರು. ನಾಲ್ಕರ ಸುತ್ತಳತೆಯನ್ನೂ ಟೇಪಿನಿಂದ ಅಳೆಯಿರಿ. ಹೆಚ್ಚೆಂದರೆ 6 ಮಿ.ಮೀ. ವ್ಯತ್ಯಾಸ ಇರಬಹುದು. ಟ್ರೆಡ್ಡಿನ ಆಳದಲ್ಲಿ ಅದು ಹೆಚ್ಚು ಕಡಿಮೆ 1 ಮಿ.ಮೀ. ಅಷ್ಟೇ. ಒಂದು ಹೊಸ ಟಯರು, ಮೂರು ಸವೆದವು ಇದ್ದರೆ ಮುಂಚಕ್ರ ಹಿಂಚಕ್ರಗಳಿಗೆ ಎಳೆತ ಹಂಚುವ ನಡುವಿನ ಕ್ಲಚ್ಚು ಅಥವಾ ವಿಸ್ಕಸ್ ಕಪ್ಲಿಂಗು ನೇರ ರಸ್ತೆಯಲ್ಲೂ ಜಾರುತ್ತಲೇ ಇರಬೇಕಾಗುತ್ತದೆ, ಬಿಸಿಯಾಗಿ ಹಾಳಾಗುತ್ತದೆ.

ಕಾರು ಐದು ನಿಮಿಷ ಓಡುವ ಸ್ಥಿತಿಯಲ್ಲಿದ್ದರೂ ಸಾಕು, ಒಣ ನೆಲದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಬ್ರೇಕ್ ಹಿಡಿದಂತೆ ಎಳೆದರೆ, ಹಿಂಭಾಗ ಕುಪ್ಪಳಿಸಿದರೆ ನಡುವಿನ ಭಾಗ ಕಚ್ಚಿಕೊಂಡಿದೆ. ಆಟೋಮ್ಯಾಟಿಕ್ ಆದರೆ ಬಾನೆಟ್ಟಿನ ಕೆಳಗೆ ಎಫ್‌ಡಬ್ಲ್ಯೂಡಿ (ಮುಂಚಕ್ರಕ್ಕೆ ಮಾತ್ರ ಎಳೆತ) ಎಂದು ಬರೆದ ಖಾಲಿ ಫ್ಯೂಸ್ ಗೂಡು ಇರುತ್ತದೆ. ಅದಕ್ಕೊಂದು ಫ್ಯೂಸ್ ಸಿಕ್ಕಿಸಿದರೆ ಹಿಂಚಕ್ರದ ಕ್ಲಚ್ಚು ಬಿಡಬೇಕು, ಮೀಟರಿನಲ್ಲಿ ಅದೇ ಹೆಸರಿನ ದೀಪ ಹತ್ತಬೇಕು. ಫ್ಯೂಸ್ ಹಾಕಿದಾಗ ಕಚ್ಚುವುದು ನಿಂತರೆ ಆ ಕ್ಲಚ್ಚನ್ನು ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ ವಾಲ್ವು) ಬದುಕಿದೆ. ಮೂರು ಸಲ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬದಲಿಸಿ, ಪ್ರತಿ ಸಲದ ನಡುವೆ ಕಾರು ಓಡಿಸಿ ನೋಡಬಹುದು, ಎಷ್ಟೋ ಬಾರಿ ಅಷ್ಟರಲ್ಲೇ ಸರಿಹೋಗುತ್ತದೆ. ಫ್ಯೂಸ್ ಹಾಕಿದರೂ ಕಚ್ಚುತ್ತಿದ್ದರೆ ಸೊಲೆನಾಯ್ಡ್ ಸತ್ತಿದೆ, ಇಲ್ಲವೇ ಕ್ಲಚ್ ಫಲಕಗಳು ಡ್ರಮ್ಮಿನಲ್ಲಿ ಗೀರು ಮಾಡಿಕೊಂಡು ಸಿಕ್ಕಿವೆ. ಎರಡಕ್ಕೂ ಗೇರ್‌ಬಾಕ್ಸಿನ ಬಾಲ ಬಿಚ್ಚಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಿಂದೆ ಯಾರಾದರೂ ಗೇರ್‌ಬಾಕ್ಸು ಬದಲಿಸಿದ್ದರೆ ಫೈನಲ್ ಡ್ರೈವ್ ಅನುಪಾತ (ಡಿಫರೆನ್ಷಿಯಲ್ಲಿನ ಗೇರುಗಳ ಹಲ್ಲಿನ ಅನುಪಾತ) ಮುಂದೆ ಹಿಂದೆ ಒಂದೇ ಇದೆಯೇ ನೋಡಿ. ಈ ಕಾರುಗಳಲ್ಲಿ 3.90, 4.11, 4.44 ಎಲ್ಲವೂ ಓಡಾಡುತ್ತವೆ. ಮುಂದೆ 4.11, ಹಿಂದೆ 4.44 ಸೇರಿಸಿದರೆ ಏನೋ ಒಂದು ಮುರಿಯುವುದು ಖಚಿತ.

ಯಾವ 2.2 ತರಬೇಕು

ಕೈಗೆ ಸಿಕ್ಕ 2.2 ತಂದರೆ ಆಗುವುದಿಲ್ಲ. ಸಲೀಸಾಗಿ ಕೂರುವುದು 1995ರಿಂದ 1998ರವರೆಗಿನದು. ಅದಕ್ಕೂ ಹಿಂದಿನದಾದರೆ 1995ರ ನಂತರದ 2.2ರ ಇಂಟೇಕ್ ಮ್ಯಾನಿಫೋಲ್ಡನ್ನೂ ಅದರ ವೈರಿಂಗನ್ನೂ ಹುಡುಕಿ ಹಾಕಬೇಕು. 1999ರಿಂದ ಬಂದ 2.2 ಎರಡನೆಯ ಪೀಳಿಗೆಯದು, ಅದರ ಸಹವಾಸ ಬೇಡ. ಎಂಜಿನ್ನನ್ನು ಯಾವಾಗಲೂ ಮ್ಯಾನಿಫೋಲ್ಡು, ವೈರಿಂಗು, ಸೆನ್ಸರುಗಳ ಸಮೇತ ಕೊಳ್ಳಿ. ಬರಿಯ ಬ್ಲಾಕ್ ಕೊಂಡು ಚೂರುಚೂರು ಹುಡುಕುತ್ತ ಕೂತರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ.

ನೋಡಬೇಕಾದ ಮೂರು ಸಂಗತಿ. ಒಂದು, ಹೆಡ್ಡಿನ ಕೆಳಗೆ ಎಕ್ಸಾಸ್ಟ್ ಬಾಯಿ ಎಷ್ಟಿವೆ? ಹೆಡ್ಡಿಗೆ ಎರಡಿದ್ದರೆ 2.5ರ ಎಕ್ಸಾಸ್ಟ್ ಪೈಪು ನೇರವಾಗಿ ಕೂರುತ್ತದೆ. ಒಂದೇ ಇದ್ದರೆ 2.2ರದ್ದೇ ಮುಂಭಾಗದ ವೈ ಪೈಪು ಬೇಕು, ಅದನ್ನೂ ಅದೇ ಗಾಡಿಯಿಂದ ಬಿಚ್ಚಿಸಿಕೊಳ್ಳಿ. ಎರಡು, ಇಜಿಆರ್, ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ. ನಿಮ್ಮ ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರು) ಇಜಿಆರ್ ನಿರೀಕ್ಷಿಸುತ್ತದೆ, ಎಂಜಿನ್ನಿನಲ್ಲಿ ಅದಿಲ್ಲದಿದ್ದರೆ ಚೆಕ್ ಎಂಜಿನ್ ದೀಪ ಆರುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಿಂದ ಬಂದ 1995ರ ಎಂಜಿನ್ನಿನಲ್ಲಿ ಇಜಿಆರ್ ಇರುತ್ತದೆ. ಹುಡುಕುವವರೆಲ್ಲ ಅದನ್ನೇ ಹುಡುಕುವುದು ಈ ಕಾರಣಕ್ಕೆ. ಮೂರು, ವರ್ಷ. 1996ರವರೆಗಿನ 2.2ರಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್ನಿಗೆ ತಾಗುವುದಿಲ್ಲ. 1997ರಿಂದ ತಾಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 22 ಮಿ.ಮೀ. ಸಾಕೆಟ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯಬಾರದು. ಸಾಧ್ಯವಾದರೆ ಕಂಪ್ರೆಷನ್ ನೋಡಿ: ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ತುಂಬಿದ ಬ್ಯಾಟರಿಯಿಂದ. 156ರಿಂದ 185 ಪಿಎಸ್‌ಐ ಇದ್ದರೆ ಚೆನ್ನ, 128ಕ್ಕಿಂತ ಕೆಳಗೆ ಬೇಡ, ಸಿಲಿಂಡರುಗಳ ನಡುವೆ 28ಕ್ಕಿಂತ ಹೆಚ್ಚು ಅಂತರವೂ ಬೇಡ. ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ ಆಯಿಲ್ ಮುಚ್ಚಳದ ಒಳಬದಿ ನೋಡಿ. ಮಜ್ಜಿಗೆಯಂಥ ಬಿಳಿ ಕೆನೆ ಕಟ್ಟಿದ್ದರೆ ಮುಂದಿನ ಎಂಜಿನ್ ಹುಡುಕಿ.

ಹಳೆಯದನ್ನು ಇಳಿಸುವುದು

ಬ್ಯಾಟರಿ, ಕೂಲೆಂಟು, ರೇಡಿಯೇಟರು ಮೊದಲು. ಎಸಿ ಕಂಪ್ರೆಸರಿನ ಪೈಪುಗಳನ್ನು ಬಿಚ್ಚಬೇಡಿ. ಕಂಪ್ರೆಸರನ್ನೇ ಬ್ರಾಕೆಟ್ಟಿನಿಂದ ತೆಗೆದು ಪಕ್ಕಕ್ಕೆ ಕಟ್ಟಿ, ಪವರ್ ಸ್ಟಿಯರಿಂಗ್ ಪಂಪನ್ನೂ ಹಾಗೆಯೇ. ಗ್ಯಾಸು ಮತ್ತೆ ತುಂಬಿಸುವ ಖರ್ಚು ಉಳಿಯಿತು. ಇಂಧನದ ಪೈಪು, ಹೀಟರಿನ ಎರಡು ಪೈಪು, ಬೆಲ್‌ಹೌಸಿಂಗ್ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಬಾಯಿ) ಹತ್ತಿರದ ವೈರಿಂಗ್ ಕನೆಕ್ಟರುಗಳು, ಥ್ರಾಟಲ್ ಕೇಬಲ್, ಎಂಜಿನ್ ಓಲಾಡದಂತೆ ಹಿಡಿಯುವ ಮೇಲಿನ ಪಿಚ್ ಸ್ಟಾಪರ್, ಕೆಳಗೆ ಎಕ್ಸಾಸ್ಟಿನ ನಟ್ಟುಗಳು, ಎರಡು ಮೌಂಟಿನ ನಟ್ಟು, ಇವನ್ನೆಲ್ಲ ಬಿಚ್ಚಿ. ತುಕ್ಕು ಹಿಡಿದ ಎಕ್ಸಾಸ್ಟ್ ನಟ್ಟುಗಳಿಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಸ್ಟಡ್ ಮುರಿದರೆ ಅರ್ಧ ದಿನ ಹೋಯಿತು.

ಆಟೋಮ್ಯಾಟಿಕ್ಕಿನಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರು ಗೇರ್‌ಬಾಕ್ಸಿನಲ್ಲೇ ಉಳಿಯಬೇಕು. ಬೆಲ್‌ಹೌಸಿಂಗಿನ ಮೇಲ್ಭಾಗದಲ್ಲಿ, ಥ್ರಾಟಲ್ ಬಾಡಿಯ ಹತ್ತಿರ ಒಂದು ರಬ್ಬರ್ ಬಿರಡೆ ಇದೆ. ಅದನ್ನು ತೆಗೆದು, ಕ್ರ್ಯಾಂಕ್ ತಿರುಗಿಸುತ್ತ ಕನ್ವರ್ಟರನ್ನು ಎಂಜಿನ್ನಿಗೆ ಹಿಡಿದಿರುವ ನಾಲ್ಕು 12 ಮಿ.ಮೀ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ. ಸಾಕೆಟ್ಟಿನೊಳಗೆ ಚೂರು ಗ್ರೀಸ್ ಹಚ್ಚಿದರೆ ಬೋಲ್ಟು ಒಳಗೆ ಬೀಳುವುದಿಲ್ಲ. ಆಮೇಲೆ ಬೆಲ್‌ಹೌಸಿಂಗಿನ ಮೇಲಿನ ಬೋಲ್ಟುಗಳು, ಕೆಳಗಿನ ನಟ್ಟುಗಳು. ಗೇರ್‌ಬಾಕ್ಸಿನ ಮುಂಭಾಗಕ್ಕೆ ಜ್ಯಾಕ್ ಕೊಟ್ಟೇ ಎಂಜಿನ್ ಎತ್ತಿ.

ಎಂಜಿನ್ ಹೊರಗಿರುವಾಗಲೇ ಮಾಡಬೇಕಾದದ್ದು

ಇಲ್ಲಿ ಜಿಪುಣತನ ಬೇಡ. ಇಲ್ಲಿನ ಸೀಲುಗಳಿಗೆ ಬೀಳುವುದು ಚಿಲ್ಲರೆ ದುಡ್ಡು, ಎಂಜಿನ್ ಕೂತ ಮೇಲೆ ಅದೇ ಸೀಲು ಸೋರಿದರೆ ಇಡೀ ಕೆಲಸ ಮತ್ತೊಮ್ಮೆ.

ಹಿಂಬದಿಯಲ್ಲಿ, ಫ್ಲೈವೀಲಿನ ಹಿಂದೆ ಆಯಿಲ್ ಸೆಪರೇಟರ್ ಫಲಕವಿದೆ. ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಬಾಗಿ ಸೋರುತ್ತದೆ, ಲೋಹದ್ದನ್ನು ಹಾಕಿ. ಅದರ ಸ್ಕ್ರೂಗಳು ಕೈಯ ಸ್ಕ್ರೂಡ್ರೈವರಿಗೆ ಜಗ್ಗುವುದಿಲ್ಲ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಕ್ರ್ಯಾಂಕಿನ ಹಿಂಬದಿ ಸೀಲು ಒಣಗಿದ್ದರೆ, ಅಂದರೆ ಸೋರದೆ ಇದ್ದರೆ, ಮುಟ್ಟಬೇಡಿ. ವಕ್ರವಾಗಿ ಕೂರಿಸಿದ ಹೊಸ ಸೀಲಿಗಿಂತ ಸೋರದ ಹಳೆಯದೇ ವಾಸಿ.

ಮುಂಬದಿಯಲ್ಲಿ ಕ್ರ್ಯಾಂಕ್ ಸೀಲು, ಎರಡು ಕ್ಯಾಮ್ ಸೀಲು, ಆಯಿಲ್ ಪಂಪಿನ ಓ ರಿಂಗು ಇವು ಹೊಸವಾಗಬೇಕು. ಪಂಪು ಬಿಚ್ಚಿದಾಗ ಅದರ ಹಿಂಫಲಕದ ಸ್ಕ್ರೂಗಳನ್ನು ಮುಟ್ಟಿ ನೋಡಿ, ಸಡಿಲವಾಗಿರುವುದೇ ಹೆಚ್ಚು. ಥ್ರೆಡ್ ಲಾಕರ್ ಹಚ್ಚಿ ಬಿಗಿಯಿರಿ. ಹೈಡ್ರಾಲಿಕ್ ಲಿಫ್ಟರಿನ 2.2ಗಳು ಟಕಟಕ ಎನ್ನಲು ಈ ಓ ರಿಂಗು ಗಾಳಿ ಎಳೆಯುವುದು ಒಂದು ದೊಡ್ಡ ಕಾರಣ. ಜನ ಸುಮ್ಮನೆ ಲಿಫ್ಟರು ಬದಲಿಸುತ್ತಾರೆ.

ವಾಲ್ವ್ ಕವರ್ ಗ್ಯಾಸ್ಕೆಟು, ಪ್ಲಗ್ಗುಗಳು, ಥರ್ಮೋಸ್ಟಾಟು, ವಾಟರ್ ಪಂಪು, ಬೆಲ್ಟು, ಟೆನ್ಷನರು, ಐಡ್ಲರುಗಳು ಹೊಸವಾಗಬೇಕು. ಬೆಲ್ಟು ಮಾತ್ರ ಹೊಸದು ಹಾಕಿ ಹಳೆಯ ಐಡ್ಲರ್ ಬಿಟ್ಟರೆ, ಅದರ ಬೇರಿಂಗ್ ಒಣಗಿ ಹೊಸ ಬೆಲ್ಟನ್ನೇ ತಿನ್ನುತ್ತದೆ. ಥರ್ಮೋಸ್ಟಾಟು ಕಂಪನಿಯದ್ದೇ ಆಗಿರಲಿ. ಅದು 76ರಿಂದ 80 ಡಿಗ್ರಿಗೆ ತೆರೆಯತೊಡಗುತ್ತದೆ, ಅದರ ಮೈ ದಪ್ಪ. ಹೊರಗಿನ ಅಗ್ಗದವು ಸಣ್ಣವು, ನೀರು ಸಾಲದೆ ಎಂಜಿನ್ ಕಾಯುತ್ತದೆ. ಆಗ ಬಯ್ಗುಳ ಹೊಸ ಎಂಜಿನ್ನಿಗೆ.

ಟೈಮಿಂಗ್ ಗುರುತಿನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಮುಂಭಾಗದಲ್ಲಿ ಬಾಣವಿದೆ, ಅದು ಬೆಲ್ಟಿನ ಗುರುತಲ್ಲ. ಹಿಂಬದಿಯ ಹಲ್ಲುಗಳ ತಟ್ಟೆಯ ಮೇಲೆ ಇರುವ ಸಣ್ಣ ಗೀಟು ನೇರ ಮೇಲಕ್ಕೆ ಬರಬೇಕು. ಆಗ ಪಿಸ್ಟನ್ನುಗಳು ನಡುದಾರಿಯಲ್ಲಿರುತ್ತವೆ, ಗಾಬರಿ ಬೇಡ. ಕ್ಯಾಮ್ ಸ್ಪ್ರಾಕೆಟ್ಟುಗಳ ಗೀಟೂ ಮೇಲಕ್ಕೆ, ಹಿಂದಿನ ಕವರಿನ ಕಚ್ಚಿಗೆ ಸರಿಯಾಗಿ. ಟೆನ್ಷನರನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಒತ್ತಿ, ರಂಧ್ರಕ್ಕೆ ಪಿನ್ ಸಿಕ್ಕಿಸಿ. ಅವಸರದಲ್ಲಿ ಒತ್ತಿದರೆ ಒಳಗಿನ ಸೀಲು ಹರಿಯುತ್ತದೆ. ಬೆಲ್ಟ್ ಹಾಕಿ ಪಿನ್ ಎಳೆದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ಬೆಲ್ಟಿನ ಮೇಲಿನ ಬಿಳಿ ಗೀಟುಗಳು ಆಗ ಹೊಂದುವುದಿಲ್ಲ, ಸ್ಪ್ರಾಕೆಟ್ಟಿನವು ಹೊಂದಿದರೆ ಸಾಕು.

ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯಬೇಡಿ. ನಿಮ್ಮ ವರ್ಷದ ಮ್ಯಾನುವಲ್ಲಿನ ಅಂಕಿ ನೋಡಿ ಟಾರ್ಕ್ ರೆಂಚ್ ಹಿಡಿಯಿರಿ. ಸಡಿಲವಾದರೆ ಕೀಲಿ ಕೂರುವ ತೋಡು ಅಗಲವಾಗಿ ಕ್ರ್ಯಾಂಕೇ ಕೆಡುತ್ತದೆ.

ಆಟೋಮ್ಯಾಟಿಕ್ಕಿನಲ್ಲಿ ಕ್ರ್ಯಾಂಕಿಗೂ ಕನ್ವರ್ಟರಿಗೂ ನಡುವೆ ಕೂರುವ ತಟ್ಟೆ, ಫ್ಲೆಕ್ಸ್‌ಪ್ಲೇಟ್, ನಿಮ್ಮ ಗೇರ್‌ಬಾಕ್ಸಿನ ಜೊತೆಯದೇ ಇರಲಿ, ಎಂಟು ಬೋಲ್ಟು, 72 ನ್ಯೂಟನ್ ಮೀಟರ್.

2.2ರ ಹೆಡ್ಡು ಸರಿಯಿದ್ದರೆ ಬಿಚ್ಚಬೇಡಿ. ಬಿಚ್ಚಲೇಬೇಕಾಗಿ ಬಂದರೆ ಮೇಲ್ಮೈಯ ಸೊಟ್ಟ 0.05 ಮಿ.ಮೀ. ದಾಟಬಾರದು. ಬೋಲ್ಟಿನ ಥ್ರೆಡ್ಡಿಗೂ ವಾಷರಿಗೂ ಆಯಿಲ್ ಹಚ್ಚಿ, ಆರನ್ನೂ 29, ಆಮೇಲೆ 69 ನ್ಯೂಟನ್ ಮೀಟರಿಗೆ ಬಿಗಿದು, 180 ಡಿಗ್ರಿಯಂತೆ ಎರಡು ಸಲ ಸಡಿಲಿಸಿ. ನಡುವಿನ ಎರಡನ್ನು 34ಕ್ಕೆ, ಹೊರಗಿನ ನಾಲ್ಕನ್ನು 15ಕ್ಕೆ ತಂದು, ಎಲ್ಲವನ್ನೂ 80ರಿಂದ 90 ಡಿಗ್ರಿಯಂತೆ ಎರಡು ಸಲ ತಿರುಗಿಸಿ.

ಕೂರಿಸುವುದು

ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳು ಹಾಳಾಗುವುದು ಈ ಹಂತದಲ್ಲಿ. ಎಂಜಿನ್ ತೆಗೆಯುವಾಗ ಕನ್ವರ್ಟರು ಗೊತ್ತಾಗದಂತೆ ಸ್ವಲ್ಪ ಮುಂದಕ್ಕೆ ಬಂದಿರುತ್ತದೆ. ಅದನ್ನು ಒಳಕ್ಕೆ ತಳ್ಳುತ್ತ ತಿರುಗಿಸಿ. ಟಕ್ ಟಕ್ ಎಂದು ಒಂದೊಂದೇ ಹಂತ ಒಳಗೆ ಹೋಗಬೇಕು. ಎಂಜಿನ್ ಹಾಗೂ ಬೆಲ್‌ಹೌಸಿಂಗ್ ಕೈಯಿಂದ ದೂಡಿದಾಗಲೇ ಸಂದಿಲ್ಲದೆ ಕೂಡಬೇಕು. ಸಂದು ಉಳಿದರೆ ನಿಲ್ಲಿಸಿ. ಬೋಲ್ಟು ಬಿಗಿದು ಎಳೆದುಕೊಂಡರೆ ಕನ್ವರ್ಟರು ಗೇರ್‌ಬಾಕ್ಸಿನ ಆಯಿಲ್ ಪಂಪನ್ನು ಪುಡಿ ಮಾಡುತ್ತದೆ. ಸರಿಯಾಗಿ ಕೂತಿದ್ದರೆ ಕನ್ವರ್ಟರು ಕೈಗೆ ಸರಾಗ ತಿರುಗುತ್ತದೆ, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ಕೆಲವು ಮಿ.ಮೀ. ಜಾಗ ಇರುತ್ತದೆ. ಅದರ ನಾಲ್ಕು ಬೋಲ್ಟಿಗೆ 25 ನ್ಯೂಟನ್ ಮೀಟರ್ ಸಾಕು.

ಉಳಿದದ್ದೆಲ್ಲ ಬಿಚ್ಚಿದ್ದರ ಉಲ್ಟಾ. ನಾಕ್ ಸೆನ್ಸರಿನ ಮೈ ಬಿರಿದಿದ್ದರೆ ಈಗಲೇ ಬದಲಿಸಿ, 24 ನ್ಯೂಟನ್ ಮೀಟರ್. ಅರ್ಥ್ ತಂತಿಗಳನ್ನು ಮರೆಯಬೇಡಿ.

ತುಂಬಿಸಿ ಚಾಲೂ ಮಾಡುವುದು

ರೇಡಿಯೇಟರಿನ ಬಾಯಿಂದಲೇ ಕೂಲೆಂಟ್ ಸುರಿದರೆ ಈ ಮಲಗಿದ ಎಂಜಿನ್ನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ಪೈಪನ್ನು ರೇಡಿಯೇಟರಿನ ಕಡೆ ಬಿಚ್ಚಿಟ್ಟು, ಪೈಪಿನ ಮೂಲಕ ಎಂಜಿನ್ನಿಗೇ ನಿಧಾನವಾಗಿ ಸುರಿಯಿರಿ, ತುಂಬಿದ ಮೇಲೆ ಜೋಡಿಸಿ. ಆಮೇಲೆ ರೇಡಿಯೇಟರಿನ ಮೇಲ್ಮೂಲೆಯ ಗಾಳಿ ಬಿರಡೆ ತೆರೆದಿಟ್ಟು ಉಳಿದದ್ದನ್ನು ತುಂಬಿ.

ಇಂಧನ ಪಂಪಿನ ಕನೆಕ್ಟರ್ ಕಿತ್ತು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಆಮೇಲೆ ಚಾಲೂ ಮಾಡಿ. ಹೀಟರು ಪೂರ್ತಿ ಬಿಸಿಗೆ ಇರಲಿ. ಫ್ಯಾನು ಎರಡು ಸಲ ಓಡಿ ನಿಲ್ಲುವವರೆಗೆ ಕಾಯಿರಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಇನ್ನೂ ಗಾಳಿ ಉಳಿದಿದೆ.

ಗೇರ್ ಎಣ್ಣೆಗೂ ಈಗಲೇ ಕೈ ಹಾಕಿ. ಹಿಂದಿನ ಡಿಫರೆನ್ಷಿಯಲ್‌ಗೆ 0.8 ಲೀಟರ್, ಆಟೋಮ್ಯಾಟಿಕ್ಕಿನ ಮುಂದಿನದಕ್ಕೆ 1.2 ಲೀಟರ್, ಎರಡಕ್ಕೂ 75ಡಬ್ಲ್ಯೂ-90 ಜಿಎಲ್-5. ಮ್ಯಾನುವಲ್ ಗೇರ್‌ಬಾಕ್ಸಿನಲ್ಲಿ ಮುಂದಿನ ಡಿಫರೆನ್ಷಿಯಲ್ ಸೇರಿ 3.5 ಲೀಟರ್. ತುಂಬುವ ಬಿರಡೆ ಬಿಚ್ಚುತ್ತದೆಂದು ಖಚಿತವಾದ ಮೇಲೆಯೇ ಇಳಿಸುವ ಬಿರಡೆ ಬಿಚ್ಚಿ. ಆಟೋಮ್ಯಾಟಿಕ್ಕಿನಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ ಬೇರೆಯೇ ಅಳತೆ ಕಡ್ಡಿ ಇದೆ. ಎಂಜಿನ್ ಆಯಿಲೆಂದು ತಿಳಿದು ಅದನ್ನು ಇಳಿಸಿ, ಎಂಜಿನ್ನಿಗೆ ಎರಡು ಪಾಲು ಸುರಿದವರ ಡಿಫರೆನ್ಷಿಯಲ್ ಕೆಲವೇ ದಿನಗಳಲ್ಲಿ ಕೂಗುತ್ತದೆ.

ಕಾರನ್ನು ಎಳೆಸಬೇಕಾಗಿ ಬಂದರೆ ನಾಲ್ಕೂ ಚಕ್ರ ನೆಲ ಬಿಟ್ಟಿರುವ ಫ್ಲಾಟ್‌ಬೆಡ್ ಮಾತ್ರ. ಮೊದಲ ವಾರ ಪ್ರತಿ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ರೇಡಿಯೇಟರಿನ ಮಟ್ಟ ನೋಡಿ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕೆಳಗಿನ ಅಂಚಿಗೆ ಒಂದು ಬಿಳಿ ಕಾಗದ ಒತ್ತಿ ತೆಗೆಯಿರಿ: ಕಂದು ಕಲೆಯಾದರೆ ಎಂಜಿನ್ ಆಯಿಲ್, ಕೆಂಪಾದರೆ ಎಟಿಎಫ್.