ವಯೋಮಿಂಗ್‌ಗೆ ಬಂದ ಅಧ್ಯಕ್ಷರು: ಪಟ್ಟಿ ಕಟ್ಟುವ ಬಗೆ

ಅಮೆರಿಕದ ಅಧ್ಯಕ್ಷರು ಹೊರದೇಶಗಳಿಗೆ ಹೋಗಿದ್ದರ ಪಟ್ಟಿಯನ್ನು ಅಲ್ಲಿನ ವಿದೇಶಾಂಗ ಇಲಾಖೆಯೇ ಇಟ್ಟಿದೆ. ದೇಶದೊಳಗಿನ ಓಡಾಟ ಅದರಲ್ಲಿಲ್ಲ. ಅದನ್ನು ನಾವೇ ಹೆಕ್ಕಬೇಕು. ನನಗೆ ಇಷ್ಟವಾದ ರಾಜ್ಯ ವಯೋಮಿಂಗ್. ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತಗಳಲ್ಲಿ ಇದಕ್ಕಿರುವುದು ಮೂರೇ ಮೂರು, ಆದರೂ ಅಧ್ಯಕ್ಷರನ್ನು ಎಳೆಯಲು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಇದೆಯಲ್ಲ!

ಮೊದಲು ಪ್ರತಿಯೊಬ್ಬರೂ ಅಧಿಕಾರ ವಹಿಸಿಕೊಂಡ, ಬಿಟ್ಟ ದಿನಾಂಕ ಬರೆದಿಟ್ಟುಕೊಳ್ಳಿ. 1933ರವರೆಗೆ ಪ್ರಮಾಣವಚನ ಮಾರ್ಚ್ 4ಕ್ಕೆ, 1937ರಿಂದ ಜನವರಿ 20ಕ್ಕೆ. ಜೆರಾಲ್ಡ್ ಫೋರ್ಡ್ 1936ರಲ್ಲಿ ಯೆಲ್ಲೋಸ್ಟೋನ್‌ನಲ್ಲಿ ರೇಂಜರ್ ಆಗಿದ್ದರು. ಕತೆ ಚೆನ್ನಾಗಿದೆ, ಪಟ್ಟಿಗೆ ಬೇಡ. 1976ರಲ್ಲಿ ಅಧ್ಯಕ್ಷರಾಗಿ ಬಂದದ್ದು ಮಾತ್ರ ಲೆಕ್ಕಕ್ಕೆ.

ಮುಂದಿನದು ಗಡಿ, ತಲೆ ತಿನ್ನುವುದೇ ಇದು. ಉದ್ಯಾನದ ಬಹುಪಾಲು ವಯೋಮಿಂಗ್‌ನಲ್ಲಿದ್ದರೂ ಅಂಚುಗಳು ಮೊಂಟಾನಾ, ಐಡಾಹೊಗಳಿಗೆ ಚಾಚಿವೆ. ಥಿಯೊಡರ್ ರೂಸ್‌ವೆಲ್ಟ್ 1903ರ ಏಪ್ರಿಲ್ 24ರಂದು ಉದ್ಯಾನದ ಪ್ರವೇಶದ್ವಾರದ ಕಮಾನಿಗೆ ಅಡಿಗಲ್ಲಿಟ್ಟ ಗಾರ್ಡಿನರ್ ಇರುವುದು ಮೊಂಟಾನಾದಲ್ಲಿ. ಆ ಸಮಾರಂಭ ಅತ್ತ ಹೋಗಲಿ, ಉದ್ಯಾನದೊಳಗೆ ಅವರು ಸುತ್ತಾಡಿದ್ದು ಇತ್ತ ಬರಲಿ. ಅಧ್ಯಕ್ಷ ಚೆಸ್ಟರ್ ಆರ್ಥರ್ ಬಂದದ್ದು 1883ರಲ್ಲಿ. ವಯೋಮಿಂಗ್ ರಾಜ್ಯವಾದದ್ದು 1890ರ ಜುಲೈ 10ರಂದು, ಅಲ್ಲಿಯವರೆಗೆ ಅದು ಇನ್ನೂ ರಾಜ್ಯವಾಗದ ಪ್ರದೇಶ, ಅಂದರೆ ‘ಟೆರಿಟರಿ’. ಹಾಗಂತ ಅವರನ್ನು ಕೈಬಿಡಲು ನನಗಂತೂ ಮನಸ್ಸಿಲ್ಲ. ಜನರಲ್ ಶೆರಿಡನ್ ಜೊತೆ ಕುದುರೆಯ ಮೇಲೆ ಕಾಡುದಾರಿ ಹಿಡಿದು ಬಂದವರು ಅವರು! ಹೆಸರಿನ ಮುಂದೆ ‘ಟೆರಿಟರಿ ಕಾಲ’ ಎಂದು ಗುರುತು ಹಾಕಿ. ಆ ಪ್ರವಾಸಕ್ಕೆ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ, ಸುದ್ದಿ ಬರೆದು ಕಳಿಸಿದ್ದು ತಂಡದವರೇ. ಹಾಗಾಗಿ ಹತ್ತು ಪತ್ರಿಕೆಗಳಲ್ಲಿ ಅದೇ ಸುದ್ದಿ ಕಂಡರೂ ಅದು ಒಂದೇ ಸಾಕ್ಷಿ. ಜೊತೆಗಿದ್ದ ಫ್ರಾಂಕ್ ಜೇ ಹೇನ್ಸ್ ತೆಗೆದ ಫೋಟೋಗಳನ್ನೂ ನೋಡಿ.

ರೈಲು ಕಾಲದ ಭೇಟಿಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳೇ ಗತಿ. ಅಧ್ಯಕ್ಷರ ಹೆಸರಿಗಿಂತ ಷಾಯೆನ್, ಲಾರಮಿ, ರಾಲಿನ್ಸ್ ಎಂದು ಊರಿನ ಹೆಸರು ಕೊಟ್ಟು ಹುಡುಕಿ. ಹಿಂದಿನ ದಿನದ ಪತ್ರಿಕೆಯಲ್ಲಿ ಇರುವುದು ಕಾರ್ಯಕ್ರಮ. ನಡೆದದ್ದು ಏನೆಂದು ಹೇಳುವುದು ಮರುದಿನದ್ದು. ರೈಲು ರಾಜ್ಯ ದಾಟಿತು ಅಂದಮಾತ್ರಕ್ಕೆ ನಾನು ಭೇಟಿ ಅನ್ನುವುದಿಲ್ಲ. ಇಳಿದಿರಬೇಕು, ಇಲ್ಲವೇ ಹಿಂದಿನ ಬೋಗಿಯಲ್ಲಿ ನಿಂತಾದರೂ ಮಾತಾಡಿರಬೇಕು.

ಈಚಿನವರದು ಸಲೀಸು. ಭಾಷಣಗಳಿಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್ ಇದೆ. ಫೋರ್ಡ್, ಕಾರ್ಟರ್ ಅಂಥವರ ದಿನಚರಿ ಅವರವರ ಹೆಸರಿನ ಅಧ್ಯಕ್ಷೀಯ ಗ್ರಂಥಾಲಯಗಳಲ್ಲಿ ಗಂಟೆ-ನಿಮಿಷದ ಸಮೇತ ಸಿಗುತ್ತದೆ.

ಆದರೂ ಪೇಚು ತಪ್ಪದು. 1963ರ ಸೆಪ್ಟೆಂಬರ್ 25ರಂದು ಕೆನಡಿ ಷಾಯೆನ್, ಲಾರಮಿಗಳಲ್ಲಿ ಮಾತಾಡಿ, ಮೊಂಟಾನಾದ ಬಿಲ್ಲಿಂಗ್ಸ್‌ಗೆ ಹಾರಿ, ರಾತ್ರಿ ತಂಗಲು ಮತ್ತೆ ವಯೋಮಿಂಗ್‌ನ ಜಾಕ್ಸನ್ ಲೇಕ್ ಲಾಡ್ಜ್‌ಗೆ ಬಂದರು. ಭೇಟಿ ಒಂದೋ ಎರಡೋ? ನಾನು ಒಂದೇ ಸಾಲು ಹಾಕುತ್ತೇನೆ, ಊರುಗಳನ್ನು ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಕ್ಲಿಂಟನ್ 1995, 1996ರ ಬೇಸಿಗೆಯಲ್ಲಿ ವಯೋಮಿಂಗ್‌ನ ಜಾಕ್ಸನ್ ಹೋಲ್ ಕಣಿವೆಯಲ್ಲಿ ಕಳೆದ ರಜೆಗಳಿಗೂ ಇದೇ ನಿಯಮ: ವರ್ಷಕ್ಕೊಂದು ಸಾಲು, ಬಂದ ದಿನ, ಹೋದ ದಿನ.