ಯುವನಿಧಿ ದುಡ್ಡು ಬರ್ತಿಲ್ವಾ? ಅರ್ಜಿ ಬಿಡಿ, ಮೊದ್ಲು ಬ್ಯಾಂಕ್ ಸೀಡಿಂಗ್ ನೋಡಿ

ಯುವನಿಧಿ, ಅಂದ್ರೆ ಓದು ಮುಗಿಸಿ ಕೆಲಸ ಸಿಗದವ್ರಿಗೆ ರಾಜ್ಯ ಸರ್ಕಾರ ಕೊಡೋ ನಿರುದ್ಯೋಗ ಭತ್ಯೆ, ಅದ್ರ ದುಡ್ಡು ಹಾಕೋಕೆ ಶುರು ಮಾಡಿದ್ದು 2024ರ ಜನವರಿ 12ಕ್ಕೆ, ಅದೂ ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲೇ. ಆದ್ರೂ ಹೊಸನಗರದ ಭಾವನ ಸೈಬರ್ ಅಂಗಡೀಲಿ ಸಂಜೆ ಹೊತ್ತು ಕೂತ್ರೆ ಇವತ್ತಿಗೂ ಅದೇ ಪ್ರಶ್ನೆ, "ಅಣ್ಣ, ಅಪ್ರೂವ್ ಆಗಿದೆ ಅಂತ ತೋರಿಸ್ತದೆ, ದುಡ್ಡು ಮಾತ್ರ ಬಂದಿಲ್ಲ." ಹತ್ತು ಜನಕ್ಕೆ ಹತ್ತು ಸಲ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೀತಿದೀನಿ.

ಮೊದ್ಲೆಲ್ಲ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಕಾರ್ಡ್ ಮಾಡಿಸಿ, ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಕೊಂಡು ಸುಮ್ನೆ ಕಾಯೋದಿತ್ತು. ಈಗ ಕಚೇರಿಗೆ ಅಲೆಯೋದು ಕಮ್ಮಿ, ಎಲ್ಲ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುಲಿ. ಡಿಗ್ರಿ ಆದವ್ರಿಗೆ ತಿಂಗಳಿಗೆ 3000, ಡಿಪ್ಲೊಮಾದವ್ರಿಗೆ 1500, ಹೆಚ್ಚಂದ್ರೆ 2 ವರ್ಷ, ಮಧ್ಯೆ ಕೆಲಸ ಸಿಕ್ರೆ ಅಲ್ಲಿಗೆ ನಿಲ್ತದೆ. ಪಾಸಾಗಿ 180 ದಿನ ಆದ್ರೂ ಕೆಲಸ ಸಿಕ್ಕಿರಬಾರ್ದು, ಮುಂದೆ ಓದ್ತಾ ಇರಬಾರ್ದು. ಬಿ.ಎಡ್. ಸೇರ್ಕೊಂಡು ಅರ್ಜಿ ಹಾಕ್ಬೇಡಿ, ಕಷ್ಟಕ್ಕೆ ಸಿಕ್ಕಾಕೊಳ್ತೀರಿ.

ಅರ್ಜಿ ಹಾಕೋದು ಹತ್ತು ನಿಮಿಷದ ಕೆಲಸ. ಆಧಾರ್ ಕೊಟ್ಟು ಲಾಗಿನ್ ಆಗಿ, ಕೇಳಿದ್ದು ತುಂಬಿ. ಡಿಗ್ರಿ ಸರ್ಟಿಫಿಕೇಟ್ ಮಾತ್ರ ನ್ಯಾಡಲ್ಲಿ (ಸರ್ಟಿಫಿಕೇಟ್‌ಗಳನ್ನ ಆನ್‌ಲೈನಲ್ಲಿ ಇಡೋ ಸರ್ಕಾರಿ ಭಂಡಾರ) ಇರ್ಬೇಕು, ಡಿಜಿಲಾಕರಲ್ಲಿ ಹುಡುಕಿ, ಇಲ್ದಿದ್ರೆ ಕಾಲೇಜಿಗೆ ಹೇಳಿ ಹಾಕಿಸ್ಕೊಳ್ಳಿ. ಗ್ರಾಮ ಒನ್‌ಗೆ ಹೋದ್ರೂ ಆಗ್ತದೆ. ಸೀದಾ ಗೂಗಲಲ್ಲಿ ಯುವನಿಧಿ ಅಂತ ಹುಡುಕ್ಬೇಡಿ ಮಾರಾಯ್ರೆ, ಮೇಲೆ ಬರೋದ್ರಲ್ಲಿ ಅರ್ಧ ಜಾಹೀರಾತಿನ ಸೈಟುಗಳು.

ಈಗ ಎಡವಟ್ಟಾಗೋ ಜಾಗಕ್ಕೆ ಬರೋಣ. "ನನ್ನ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ" ಅಂತಾರೆ ಎಲ್ರೂ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಲಿಂಕ್ ಅಂದ್ರೆ ಬ್ಯಾಂಕ್ ತನ್ನ ದಾಖಲೇಲಿ ಆಧಾರ್ ಸೇರಿಸೋದು, ಸೀಡಿಂಗ್ ಅಂದ್ರೆ ಅದನ್ನ ಎನ್‌ಪಿಸಿಐಗೂ (ಬ್ಯಾಂಕುಗಳ ಮಧ್ಯೆ ದುಡ್ಡು ಕಳಿಸೋ ವ್ಯವಸ್ಥೆ ನಡೆಸೋ ಸಂಸ್ಥೆ) ತಿಳಿಸೋದು. ಸರ್ಕಾರದ ದುಡ್ಡು ಬರೋದು ಅಕೌಂಟ್ ನಂಬರ್ ನೋಡಿ ಅಲ್ಲ, ನಿಮ್ಮ ಆಧಾರ್ ನಂಬರಿಗೆ ಎನ್‌ಪಿಸಿಐ ಹತ್ರ ಯಾವ ಬ್ಯಾಂಕ್ ಹೆಸ್ರಿದೆಯೋ ಅಲ್ಲಿಗೆ, ಅದೂ ಒಂದೇ ಬ್ಯಾಂಕ್, ಕೊನೇಲಿ ಸೀಡ್ ಆಗಿದ್ದು ಯಾವುದೋ ಅದು. ಮೊನ್ನೆ ರಿಪ್ಪನ್‌ಪೇಟೆ ಕಡೆ ಹುಡುಗಿ ಒಬ್ಳು ಬಂದಿದ್ಲು, ನಾಲ್ಕು ತಿಂಗಳಿಂದ ಪಾಸ್‌ಬುಕ್ ಎಂಟ್ರಿ ಮಾಡ್ಸಿ ಮಾಡ್ಸಿ ಪುಟ ಖಾಲಿ. ನೋಡಿದ್ರೆ, ಯಾವಾಗ್ಲೋ ಸಿಮ್ ತಗೊಂಡಾಗ ಅಂಗಡಿಯವ್ನು ಬೆರಳು ಒತ್ತಿಸ್ಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಅಕೌಂಟನ್ನೂ ತೆರೆದುಬಿಟ್ಟಿದ್ದ, ದುಡ್ಡೆಲ್ಲ ಹೋಗಿ ಅಲ್ಲಿ ಕೂತಿತ್ತು! ಪಾಪ, ಅಂಥ ಅಕೌಂಟ್ ಇದೆ ಅಂತಾನೇ ಅವ್ಳಿಗೆ ಗೊತ್ತಿಲ್ಲ.

ಚೆಕ್ ಮಾಡೋದು ಹೀಗೆ: ಮೈ ಆಧಾರ್ ಸೈಟಿಗೆ ಹೋಗಿ, ಓಟಿಪಿ ಹಾಕಿ ಒಳಗೆ ಹೋದ್ರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರ್ತದೆ, ಬ್ಯಾಂಕ್ ಹೆಸ್ರೂ ಆಕ್ಟಿವ್ ಇದೆಯೋ ಇಲ್ವೋ ಅನ್ನೋದೂ ಅಲ್ಲೇ ಕಾಣ್ತದೆ. ಬೇರೆ ಬ್ಯಾಂಕ್ ತೋರಿಸಿದ್ರೆ ನಿಮಗೆ ಬೇಕಾದ ಬ್ರಾಂಚಿಗೆ ಹೋಗಿ. ಕೌಂಟರಲ್ಲಿ "ಆಧಾರ್ ಲಿಂಕ್ ಮಾಡಿ" ಅನ್ಬೇಡಿ, "ಈಗಾಗ್ಲೇ ಆಗಿದೆ" ಅಂತ ವಾಪಸ್ ಕಳಿಸ್ತಾರೆ. "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗ್ಬೇಕು" ಅನ್ನಿ (ಡಿಬಿಟಿ ಅಂದ್ರೆ ಸರ್ಕಾರದ ದುಡ್ಡು ನೇರ ಅಕೌಂಟಿಗೆ ಬರೋದು), ಫಾರ್ಮಲ್ಲಿ ಹಳೇ ಬ್ಯಾಂಕಿಂದ ಇಲ್ಲಿಗೆ ಬದಲಾಯಿಸಿ ಅನ್ನೋದಕ್ಕೆ ಟಿಕ್ ಹಾಕಿ, ಹಳೇ ಬ್ಯಾಂಕಿನ ಹೆಸ್ರು ಬರೀರಿ, ಫಾರ್ಮಿನ ಫೋಟೋ ತಗೊಂಡಿಟ್ಕೊಳ್ಳಿ. ಒಂದು ವಾರ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಎನ್‌ಪಿಸಿಐ ಸೈಟಲ್ಲಿ ಮನೇಲಿ ಕೂತು ಬದಲಾಯಿಸೋ ದಾರಿನೂ ಇದೆ, ಆದ್ರೆ ಎಲ್ಲ ಬ್ಯಾಂಕೂ ಅದ್ರಲ್ಲಿಲ್ಲ. ನನ್ ಕೇಳಿದ್ರೆ ಬ್ರಾಂಚೇ ವಾಸಿ. ದುಡ್ಡು ಬಂತಾ ಅಂತ ನೋಡೋಕೆ ಡಿಬಿಟಿ ಕರ್ನಾಟಕ ಆ್ಯಪ್ ಸಾಕು.

ಇನ್ನೊಂದು ಸ್ವಯಂ ಘೋಷಣೆ. ನನಗಿನ್ನೂ ಕೆಲಸ ಸಿಕ್ಕಿಲ್ಲ, ಓದ್ತಾನೂ ಇಲ್ಲ, ಕರ್ನಾಟಕದಲ್ಲೇ ಇದೀನಿ ಅಂತ ಸೇವಾ ಸಿಂಧುಲೇ ಹೇಳೋದು. ಮೊದ್ಲು ತಿಂಗಳಿಗೊಮ್ಮೆ ಇತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಆಯ್ತು. ಗಡುವು 25ನೇ ತಾರೀಖು, 24ರ ರಾತ್ರಿ ತನಕ ಕಾಯ್ಬೇಡಿ. ನಮ್ ಕಡೆ ಮಳೆಗಾಲದಲ್ಲಿ ಕರೆಂಟೂ ಇಲ್ಲ ಟವರೂ ಇಲ್ಲ. ಅದ್ರ ಮೇಲೆ ಎಷ್ಟೋ ಜನರ ಆಧಾರಿಗೆ ಅಪ್ಪನ ಕೀಪ್ಯಾಡ್ ಫೋನಿನ ನಂಬರ್, ಅಪ್ಪ ತೋಟದಲ್ಲಿ ಅಡಿಕೆಗೆ ಔಷಧಿ ಹೊಡೆಸ್ತಾ ಇರ್ತಾರೆ, ಓಡ್ಕೊಂಡು ಹೋಗಿ ಓಟಿಪಿ ಕೇಳ್ಕೊಂಡು ಬರೋಷ್ಟ್ರಲ್ಲಿ ಅದು ಎಕ್ಸ್‌ಪೈರ್. ಮೊದ್ಲು ಆಧಾರ್ ಸೆಂಟರಿಗೆ ಹೋಗಿ ನಿಮ್ಮದೇ ನಂಬರ್ ಹಾಕಿಸ್ಕೊಳ್ಳಿ, ಬೇರೆಲ್ಲ ಆಮೇಲೆ.

ಕೆಲಸ ಸಿಕ್ಕಿದ ಮೇಲೂ ಘೋಷಣೆ ಕೊಡ್ತಾ ಹೋಗೋರಿದಾರೆ. ಪಿಎಫ್ ಕಟ್ ಆಗೋಕೆ ಶುರುವಾದ್ರೆ ಅದೂ ಆಧಾರಿಗೇ ಸೇರಿರ್ತದೆ, ಸಿಕ್ಕಿಬಿದ್ರೆ ತಗೊಂಡಿದ್ದನ್ನ ವಾಪಸ್ ಕಟ್ಬೇಕು. ಆಫರ್ ಲೆಟರ್ ಕೈಗೆ ಬಂದ ತಿಂಗಳೇ ನಿಲ್ಸಿಬಿಡಿ.